ಷಡ್ಡಕನೂ ನನ್ನ ಬ್ರೇಕೂ

ಬ್ರೇಕಿಗೆ ಹೊಸ ಪ್ಯಾಡು, ಹೊಸ ಡಿಸ್ಕು ನಾನೇ ಹಾಕಿ ಕಾರನ್ನು ಬೀದಿಗಿಳಿಸಿದ ದಿನವೇ ಅದು ಕಿರುಚಿತು. ಬ್ರೇಕ್ ಒತ್ತಿದರೆ ಕಿರ್ರ್ ಎನ್ನುತ್ತಿತ್ತು. ಕಾಲು ತೆಗೆದರೂ ಮುಂದಿನ ಎಡಚಕ್ರದಿಂದ ಉಜ್ಜುವ ಸದ್ದು, ಹಲ್ಲು ಕಡಿಯುವವರ ಪಕ್ಕದಲ್ಲಿ ಮಲಗಿದ ಹಾಗೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಹೆಂಡತಿ ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದಳು.

"ರೀ, ನಾಳೆಯಿಂದ ನಾನು ಭಾವನ ಜೊತೆ ಹೋಗ್ತೀನಿ. ಅವರ ದಾರೀನೂ ಅದೇ ತಾನೆ?"

ಭಾವ ಎಂದರೆ ಅವಳ ಅಕ್ಕನ ಗಂಡ, ನನಗೆ ಷಡ್ಡಕ. ಅಪಘಾತವಾದ ವಾಹನಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರು. ಜಜ್ಜಿಹೋದ ಬಾಗಿಲ ಮೇಲೆ ಕೈಯಾಡಿಸಿದರೆ ಸಾಕು, ತಪ್ಪು ಯಾರದೆಂದು ಹೇಳಬಲ್ಲೆ ಎನ್ನುತ್ತಾನೆ. ಅದನ್ನೂ ಎಲ್ಲರೂ ಊಟಕ್ಕೆ ಕೂತಾಗಲೇ ಹೇಳುತ್ತಾನೆ. ನಮ್ಮ ಮಾವ ಇಬ್ಬರು ಅಳಿಯಂದಿರನ್ನೂ ಒಂದೇ ಕಣ್ಣಲ್ಲಿ ನೋಡುತ್ತಾರೆ. ಆ ಕಣ್ಣು ಸದಾ ಅವನ ಕಡೆಗಿರುತ್ತದೆ, ಅಷ್ಟೆ.

ನಾನು ಕನ್ನಡಕದ ಅಂಗಡಿಯವನು. ಗಾಜಿನ ಅಂಚು ಉಜ್ಜಿ ಫ್ರೇಮಿನಲ್ಲಿ ಕೂರಿಸುವುದು ನನ್ನ ಕಸುಬು. ಕೂರಿಸಿದ ಮೇಲೆ ಬೆರಳಲ್ಲಿ ತಟ್ಟಿ ನೋಡುತ್ತೇನೆ, ಕೂದಲೆಳೆಯಷ್ಟೂ ಅಲುಗಬಾರದು. ಇಂಥ ಕೈಗೆ ಬ್ರೇಕ್ ಯಾವ ಮಹಾ ಎಂದು ಚಕ್ರ ಬಿಚ್ಚಿದ್ದೆ.

ಮರುದಿನದಿಂದ ಷಡ್ಡಕನ ಕಾರು ನಮ್ಮ ಕಟ್ಟಡದ ಕೆಳಗೆ ಸದ್ದಿಲ್ಲದೆ ಬಂದು ನಿಲ್ಲತೊಡಗಿತು. ಹೆಂಡತಿ ಕೆಲಸ ಮಾಡುವುದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ನನ್ನ ಜೊತೆ ಹೋಗುವಾಗ ಒಂದು ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿಯುವವಳು ಈಗ ಹೊತ್ತಿಗೆ ಮುಂಚೆಯೇ ತಯಾರಾಗಿ ಗೇಟಿನ ಬಳಿ ನಿಂತಿರುತ್ತಿದ್ದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಲ್ಲಿ. ಅವಳು ಮುಂದಿನ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಳ್ಳುವ ಮೊದಲೇ ಅವನು ಏನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಒಂದೇ ಅಂಗಿಯನ್ನು ನಾನು ಮತ್ತೆ ಮತ್ತೆ ಹಿಂಡುತ್ತಿದ್ದೆ.

ಒಂದು ಸಂಜೆ ತಡೆಯಲಾಗದೆ ಕೇಳಿದೆ. "ದಾರೀಲಿ ಅಷ್ಟೊಂದು ಏನು ಮಾತಾಡ್ತೀರಿ?"

"ನಿಮ್ಮ ಬ್ರೇಕಿನ ವಿಷಯ."

"ನನ್ನ ಬ್ರೇಕಲ್ಲಿ ನಗೋಂಥದ್ದು ಏನಿದೆ?"

"ಕೇಳಿದೋರಿಗೆ ಗೊತ್ತು." ತರಕಾರಿ ಹೆಚ್ಚುತ್ತಲೇ ಹೇಳಿದಳು. "ಪ್ಯಾಡು ವಿಪರೀತ ಬಿಗಿಯಾಗಿ ಕೂತಿರಬೇಕು ಅಂದ್ರು ಭಾವ. ಅದರ ಎರಡು ತುದಿಗೂ ಕ್ಲಿಪ್ಪು ಇರುತ್ತಂತಲ್ಲ, ಅದರ ಕೆಳಗೆ ತುಕ್ಕಿದ್ರೆ ಹಂಗಾಗುತ್ತಂತೆ."

"ಕಾರು ನೋಡದೇನೇ?"

"ಅವರ ಆಫೀಸಿನ ತನಕ ಕೇಳಿಸ್ತಂತೆ. ಇನ್ನು ನೋಡೋದೇನು ಬಂತು?"

ಕಾರಣ ಏನಾದರೂ ಇರಲಿ, ಕ್ಲಿಪ್ಪು ಮಾತ್ರ ಆಗಿರಬಾರದು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಡಿಸ್ಕಿಗೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಉಳಿದಿರಬಹುದೆಂದು ತಿಕ್ಕಿ ತೊಳೆದೆ. ಪ್ಯಾಡನ್ನು ಕಳಚದೆಯೇ ಅದರ ಬೆನ್ನಿಗೆ ಗ್ರೀಸ್ ಸವರಿದೆ. ಡಿಸ್ಕಿನ ಹಿಂದಿರುವ ತಗಡು ತಾಗುತ್ತಿದೆಯೇನೋ ಎಂದು ಅದನ್ನು ಹಿಂದಕ್ಕೆ ಬಗ್ಗಿಸಿದೆ. ಹೊಸ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಒಗ್ಗಬೇಕು ಎಂದು ಎಲ್ಲೋ ಓದಿದ್ದೆ. ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ ಮೆಲ್ಲಗೆ ಬ್ರೇಕ್ ಹಿಡಿಯುತ್ತ ಮಧ್ಯಾಹ್ನವೆಲ್ಲ ಕಳೆದೆ. ಒಗ್ಗಲಿಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬರು, "ಆ ಸದ್ದಿನ ಕಾರು ನಿಮ್ಮದಾ?" ಎಂದರು. ಅವರ ಕನ್ನಡಕವನ್ನು ಬೇಕೆಂದೇ ತಡಮಾಡಿ ಕೊಟ್ಟೆ.

ಶನಿವಾರ ಷಡ್ಡಕ ಕೆಳಗಿನಿಂದಲೇ ಕೂಗಿದ. "ಏನಪ್ಪಾ ತಮ್ಮಾ, ಇನ್ನೂ ಹಾಡ್ತಿದ್ಯಾ ನಿನ್ನ ಬ್ರೇಕು?"

"ಒಗ್ಗಬೇಕಣ್ಣಾ, ಹೊಸದು."

"ಒಗ್ಗಲಿ ಒಗ್ಗಲಿ. ಇಲ್ಲಾಂದ್ರೆ ಮಾರಿಬಿಡು ಮಾರಾಯಾ. ಹೇಗೂ ನಾನು ದಿನಾ ಬರ್ತೀನಲ್ಲ, ನನ್ನ ಸೀಟು ಇದ್ದೇ ಇದೆ."

ನಗೆಚಾಟಿಕೆಯೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಹೆಂಡತಿ ಕೈಚೀಲದ ಜಿಪ್ ಎಳೆಯುತ್ತ, "ಭಾವ ಹೇಳೋದೂ ಸರಿ ಕಣ್ರೀ. ಒಂದೇ ದಾರೀಗೆ ಎರಡು ಕಾರು ಯಾಕೆ?" ಎಂದುಬಿಟ್ಟಳು.

ಮರುದಿನ ಅವಳು ಅಕ್ಕನ ಮನೆಗೆ ಹೋದದ್ದೇ ತಡ, ಚಕ್ರ ಬಿಚ್ಚಿದೆ. ಪ್ಯಾಡು ಕೈಗೆ ಬರಲಿಲ್ಲ. ಸುತ್ತಿಗೆಯಿಂದ ತಟ್ಟಿ ಎಬ್ಬಿಸಬೇಕಾಯಿತು. ಹಾಕುವಾಗಲೂ ಸುತ್ತಿಗೆಯಿಂದ ತಟ್ಟಿಯೇ ಕೂರಿಸಿದ್ದೆ. ಬೆರಳಲ್ಲಿ ಅಲುಗಿಸಿ ನೋಡಿ, ಅಲುಗದ್ದಕ್ಕೆ ಬೆನ್ನು ತಟ್ಟಿಕೊಂಡಿದ್ದೆ. ಕ್ಲಿಪ್ಪು ಕಿತ್ತೆ. ಅದರಡಿಯಲ್ಲಿ ಹಳೆಯ ತುಕ್ಕು ಚಕ್ಕೆ ಚಕ್ಕೆಯಾಗಿ ಉಬ್ಬಿತ್ತು. ಗಾಜು ಅಲುಗಬಾರದು, ಪ್ಯಾಡು ಅಲುಗಲೇಬೇಕು. ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿದು, ಬಿಟ್ಟಾಗ ಹಿಂದೆ ಸರಿಯಬೇಕು. ಸರಿಯಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ತಂತಿ ಬ್ರಷ್ಷಿನಿಂದ ತುಕ್ಕು ಕೆರೆದೆ. ಕ್ಲಿಪ್ಪು ಸಮನಾಗಿ ಕೂತಿತು, ಪ್ಯಾಡು ಹೆಬ್ಬೆರಳಿಗೇ ಜಾರಿತು. ಬೀದಿ ಸುತ್ತಿ ಬಂದೆ. ಸದ್ದೇ ಇಲ್ಲ. ಸದ್ದಿದ್ದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಸೋಮವಾರ, "ಬರಬೇಡಿ ಅಂತ ಹೇಳು ಅವನಿಗೆ," ಎಂದೆ. ಅವಳು ಹುಬ್ಬೇರಿಸಿ ಫೋನ್ ಮಾಡಿದಳು. ಬಂದು ನನ್ನ ಪಕ್ಕ ಕೂತಳು. ಪ್ರತಿ ತಿರುವಿನಲ್ಲೂ ಕಿವಿಗೊಟ್ಟು ಕೇಳಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಬಲಗಡೆ ಅವನ ಕಾರೇ ಬಂದು ನಿಂತಿತು. ಗಾಜು ಇಳಿಸಿದ.

"ನಿಂತೋಯ್ತಾ? ಕ್ಲಿಪ್ಪೇ ತಾನೆ?"

"ಅಲ್ಲಣ್ಣಾ!" ನನ್ನ ದನಿ ಅಗತ್ಯಕ್ಕಿಂತ ಎತ್ತರದಲ್ಲಿತ್ತು. "ಬೇರೇನೇ!"

"ಹೌದಾ?" ಅವನ ಮುಖ ಸಣ್ಣಗಾಯಿತು. ಅಷ್ಟು ಸಣ್ಣಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಹಸಿರು ಬಿತ್ತು, ನಾನು ಮುಂದೆ ನುಗ್ಗಿದೆ.

"ಬೇರೇನು ಅಂದ್ರೆ ಏನು?" ಹೆಂಡತಿ ಕೇಳಿದಳು.

ಡಿಸ್ಕು ಎನ್ನಬಹುದಿತ್ತು, ತಗಡು ಎನ್ನಬಹುದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಒಂದು ವಾರದಿಂದೀಚೆಗೆ ಮೊದಲ ಸಲ ಅಷ್ಟು ಹೊತ್ತು ನೋಡುತ್ತಿದ್ದಳು.

"ಕ್ಲಿಪ್ಪೇ," ಎಂದೆ.

ಅವಳು ಸೀಟಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೈಚೀಲಕ್ಕೆ ಕೈ ಹಾಕಿದಳು.

"ಅವನಿಗೆ ಹೇಳ್ತೀಯಾ?"

"ಕರ್ಚೀಫು ಕಣ್ರೀ." ಕಣ್ಣೊರೆಸಿಕೊಂಡಳು. "ಹೇಳಲ್ಲ, ನಮ್ಮಿಬ್ಬರಲ್ಲೇ ಇರಲಿ. ಇವತ್ತೆಲ್ಲಾ ಅದೇನಿರಬಹುದು ಅಂತ ತಲೆ ಕೆಡಿಸ್ಕೊಳ್ತಾರೆ, ಪಾಪ."

ನಮ್ಮಿಬ್ಬರಲ್ಲೇ ಎಂದದ್ದಕ್ಕೆ ಸಂತೋಷವಾಯಿತು. ಆದರೆ ಆ 'ಪಾಪ' ಯಾಕೆ ಬಂತು ಎಂದು ಲ್ಯಾಬು ತಲಪುವವರೆಗೂ ಯೋಚಿಸಿದೆ.