ತಿದಿಯಣ್ಣ ಮುಂದೆ ಕುಳಿತ ಭಾನುವಾರ

ಚರ್ಚಿನ ಬೆಂಚಿನ ಮೇಲೆ ಕೂರುವುದೂ ಒಂದು ವಿದ್ಯೆ ಎಂದು ತಿದಿಯಣ್ಣನಿಗೆ ಗೊತ್ತಾದದ್ದು ತಲೆ ಪೂರ್ತಿ ನರೆತ ಮೇಲೆ. ಈ ಭಾನುವಾರ ಸಭೆಯವರೆಲ್ಲ ಎದ್ದಾಗಲೆಲ್ಲ ಇವನು ಕುಳಿತಿರುತ್ತಿದ್ದ. ಇವನು ಏಳುವಷ್ಟರಲ್ಲಿ ಅವರೆಲ್ಲ ಕುಳಿತಿರುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದು ತಿವಿದು ಸುಸ್ತಾಗಿದ್ದಳು.

ಪಾಪ, ಅವನ ತಪ್ಪೂ ಅಲ್ಲ. ಮೀಸೆ ಚಿಗುರಿದಂದಿನಿಂದ ಅವನ ಭಾನುವಾರಗಳೆಲ್ಲ ಕಳೆದದ್ದು ಆರ್ಗನ್ನಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ. ಮುಂದೆ ಟೀಚರಮ್ಮ ಆರ್ಗನ್ ನುಡಿಸಬೇಕಾದರೆ ಅದರ ಕೊಳವೆಗಳಿಗೆ ಗಾಳಿ ಬೇಕು. ಗಾಳಿ ಬೇಕಾದರೆ ಹಿಂದೆ ಒಬ್ಬ ಮರದ ಹಿಡಿ ಒತ್ತಿ ಒತ್ತಿ ದೊಡ್ಡ ತಿದಿಯನ್ನು ತುಂಬಿಸುತ್ತಲೇ ಇರಬೇಕು. ತಿದಿಯಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸಲು ದಾರದಲ್ಲೊಂದು ಸೀಸದ ಗುಂಡು ನೇತಾಡುತ್ತಿತ್ತು. ಅದು ಗೋಡೆಯ ಗೆರೆಯನ್ನು ದಾಟಿತೋ, ಕೀರ್ತನೆ ನಡುವಿನಲ್ಲೇ ಗೊರಗೊರ ಎಂದು ಸಾಯುತ್ತಿತ್ತು. "ಏನಾದ್ರೂ ಆಗ್ಲಿ, ಕಣ್ಣು ಗುಂಡಿನ ಮೇಲಿರ್ಲಿ" ಎಂದು, ಮೊದಲು ಆ ಕೆಲಸ ಮಾಡುತ್ತಿದ್ದ ಅವನಪ್ಪ ಹೇಳಿಕೊಟ್ಟಿದ್ದ. ಮಗ ಪ್ರಾರ್ಥನೆಯಲ್ಲೂ ಕಣ್ಣು ಮುಚ್ಚಲಿಲ್ಲ. ಕೀರ್ತನೆಗಳು ಅವನಿಗೆ ಗೊತ್ತಿದ್ದದ್ದು ಭಾರದ ಲೆಕ್ಕದಲ್ಲಿ: ಇದು ಸಲೀಸು, ಅದು ಕೊನೆಯಲ್ಲಿ ಸೊಂಟ ಮುರಿಯುತ್ತದೆ. ಅವುಗಳ ಪದಗಳನ್ನು ಮಾತ್ರ ಅವನ ಹತ್ತಿರ ಕೇಳಬಾರದು.

ಕಳೆದ ವಾರ ಆ ಕೋಣೆಗೆ ಗಾಳಿ ತುಂಬುವ ಮೋಟಾರು ಬಂತು. "ಇನ್ನು ನೀವು ಆರಾಮಾಗಿ ಮುಂದೆ ಕೂತು ದೇವರನ್ನ ಆರಾಧಿಸ್ಬಹುದು ಅಣ್ಣಾ" ಎಂದಳು ಟೀಚರಮ್ಮ, ಒಳ್ಳೆಯ ಮನಸ್ಸಿನಿಂದಲೇ. ಆ ಮಾತು ಅವನನ್ನು ಮುಳ್ಳಿನಂತೆ ಚುಚ್ಚಿತು. ಹಾಗಾದರೆ ಇಷ್ಟು ವರ್ಷ ಹಿಂದೆ ನಿಂತು ಮಾಡಿದ್ದೇನು?

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರವೇ ಅವನು ಹೆಂಡತಿಗೆ ಹೇಳಿಬಿಟ್ಟಿದ್ದ. "ಇದೊಂದ್ಸಲ ಬರ್ತೀನಿ. ನನಗಿಲ್ಲಿ ಜಾಗ ಇಲ್ಲ ಅನ್ನಿಸ್ತೋ, ಇನ್ಮೇಲೆ ಕರೀಬೇಡ."

"ಜಾಗ ಬೇಕಾದಷ್ಟಿದೆ, ಅರ್ಧ ಬೆಂಚು ಖಾಲಿ. ಮೊದ್ಲು ಆ ಮುಖ ಊದಿಸ್ಕೊಂಡಿರೋದು ಬಿಡಿ" ಎಂದಿದ್ದಳು ಅವಳು.

ವೇದಿಕೆಯಿಂದ ಅಯ್ಯನವರು, ವಯಸ್ಸಾದ ಸಭಾಪಾಲಕರು, ಪ್ರಸಂಗ ಶುರು ಮಾಡಿದ್ದರು. ನಾವು ಬದುಕಿರುವುದು ಯಾತಕ್ಕೆ? ಕೊನೆಗೆ ತಲುಪಬೇಕಾದದ್ದನ್ನು ಕಣ್ಣಮುಂದೆ ಇಟ್ಟುಕೊಂಡಿದ್ದೇವೆಯೇ? ತಿದಿಯಣ್ಣನ ಕಣ್ಣಮುಂದೆ ಇಷ್ಟು ವರ್ಷ ಇದ್ದದ್ದು ಸೀಸದ ಗುಂಡು, ಬೇರೇನೂ ಅಲ್ಲ. ಎದುರಿಗೆ ಶಿಲುಬೆ ಇತ್ತು, ಆದರೆ ನೋಟ ಅದರ ಮೇಲೆ ನಿಲ್ಲದೆ ಜಾರಿ ಜಾರಿ ಮುಂದಿನ ಬೆಂಚಿನವನ ಕಾಲರಿನಲ್ಲಿ ನೇತಾಡುತ್ತಿದ್ದ ಸಡಿಲ ಗುಂಡಿಗೇ ಅಂಟಿಕೊಳ್ಳುತ್ತಿತ್ತು. ದೇವರಿಗೆ ಬೇಕಿದ್ದದ್ದು ನಾನೋ, ಗಾಳಿಯೋ? ಗಾಳಿಯೇ ಆದರೆ ಮೋಟಾರು ನನಗಿಂತ ದೊಡ್ಡ ಭಕ್ತ. ಗೋಡೆಯಾಚೆ ಅದು ಗುರ್ ಎನ್ನುತ್ತಿತ್ತು. ಕೆಟ್ಟುಹೋಗಲಿ ಎಂದು ಅವನು ಮನಸ್ಸಿನಲ್ಲೇ ಶಪಿಸಿದ. ಚರ್ಚಿನಲ್ಲಿ ಕುಳಿತು ಶಾಪ ಹಾಕಿದೆನಲ್ಲ ಎಂದು ಹೆದರಿದ. ಹೆದರಿಕೆಯಲ್ಲಿ ಮತ್ತೆ ತಪ್ಪಾದ ಹೊತ್ತಿಗೆ ಎದ್ದುನಿಂತ.

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಲು ಜನ ಸಾಲುಗಟ್ಟಿ ವೇದಿಕೆಯತ್ತ ಹೊರಟರು. ಆರ್ಗನ್ ನುಡಿಯಿತು.

"ಏಳ್ರೀ, ಈಗ ಏಳ್ಬೇಕು" ಎಂದಳು ಹೆಂಡತಿ.

"ನೀನು ಹೋಗು. ನನಗೆ ಇದ್ದಲ್ಲಿಗೇ ತಂದ್ಕೊಡ್ತಾರೆ."

ಅಭ್ಯಾಸಬಲ, ನೋಡಿ. ಆ ಹೊತ್ತಿನಲ್ಲಿ ತಿದಿ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ಎಲ್ಲರದೂ ಮುಗಿದ ಮೇಲೆ ಅಯ್ಯನವರೇ ರೊಟ್ಟಿ, ದ್ರಾಕ್ಷಾರಸ ಹಿಡಿದು ಹಿಂದಿನ ಕೋಣೆಗೆ ಬರುತ್ತಿದ್ದರು. ಇವನು ಒಂದು ಕೈಯಲ್ಲಿ ಒತ್ತುತ್ತಾ ಇನ್ನೊಂದು ಕೈ ಚಾಚುತ್ತಿದ್ದ. ಬೆಂಚಿಗೆ ಯಾರೂ ತಂದುಕೊಡುವುದಿಲ್ಲವೆಂದು ಹೊಳೆಯುವಷ್ಟರಲ್ಲಿ ಸಾಲು ಕರಗಿಹೋಗಿತ್ತು. ಹೆಂಡತಿ ವಾಪಸು ಬಂದು ಹಣೆ ಚಚ್ಚಿಕೊಂಡಳು. ಈಗ ಒಬ್ಬನೇ ಎದ್ದು ಹೋಗುವುದೇ? ಅವನ ಕಾಲು ಏಳಲಿಲ್ಲ. ಮುಗಿಯಿತು ಬಿಡು, ಮುಂದಿನ ವಾರದ ತೀರ್ಮಾನವೂ ಆಯಿತು ಎಂದುಕೊಂಡ.

ವೇದಿಕೆಯ ಮೇಲೆ ಅಯ್ಯನವರು ತಟ್ಟೆ, ಬಟ್ಟಲು ಹಿಡಿದುಕೊಂಡೇ ತಿರುಗಿದರು. ಎಂದಿನಂತೆ ನೆಟ್ಟಗೆ ಆರ್ಗನ್ನಿನ ಹಿಂದಿನ ಬಾಗಿಲಿಗೆ ಹೋಗಿ ಒಳಗೆ ನುಗ್ಗಿದರು. ಸಭೆಯವರು ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವರು ಹೊರಗೆ ಬಂದದ್ದು ಕಕ್ಕಾಬಿಕ್ಕಿಯಾಗಿ. ಟೀಚರಮ್ಮ ನುಡಿಸುತ್ತಲೇ ಗದ್ದ ಎತ್ತಿ ಬೆಂಚುಗಳತ್ತ ತೋರಿಸಿದಳು. ಅಯ್ಯನವರು ಮೆಟ್ಟಿಲಿಳಿದು, ಒಂದೊಂದೇ ಸಾಲು ಇಣುಕುತ್ತಾ, ತಿದಿಯಣ್ಣನೆದುರು ಬಂದು ನಿಂತರು.

"ಅಲ್ಲಿ ಹುಡುಕ್ದೆ ನಿಮ್ಮನ್ನ" ಎಂದರು, ಏದುಸಿರು ಬಿಡುತ್ತಾ. "ಮೋಟಾರಿಗೆ ಕೊಡಕ್ಕಾಗುತ್ತೇನ್ರೀ ಇದನ್ನ?"

ನಿಲ್ಲಬೇಕೋ, ಮೊಣಕಾಲೂರಬೇಕೋ ತಿಳಿಯದೆ ತಿದಿಯಣ್ಣ ಎರಡರ ಮಧ್ಯೆ ಬಗ್ಗಿ ನಿಂತ. "ಇಲ್ಲಿ ಏನ್ ಮಾಡ್ಬೇಕು ಅಂತ್ಲೇ ನನಗೆ ಗೊತ್ತಾಗ್ತಿಲ್ಲ ಅಯ್ನೋರೇ."

"ಕೈ ಚಾಚಿ."

ಅವನು ಒಂದು ಕೈ ಚಾಚಿದ. ಇನ್ನೊಂದು ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಅಯ್ಯನವರು ಕಾದರು. ಹೆಂಡತಿ ಆ ಕೈಯನ್ನು ಮೆಲ್ಲಗೆ ಹಿಡಿದು ಚಾಚಿದ ಕೈಯ ಪಕ್ಕಕ್ಕೆ ತಂದಿಟ್ಟಳು.