ಗೋಡೆಬಳ್ಳಿಯ ಕಷಾಯ

“ಬಲಗೈ ಮೊದಲು ಹಾಕಿ ಅಕ್ಕ. ಆ ಭುಜ ಎತ್ತೋಕಾಗಲ್ಲ ಅವರಿಗೆ.”

ಶರ್ಟಿನ ಎಡತೋಳನ್ನು ಆಗಲೇ ಅರ್ಧ ಏರಿಸಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ನಡುಮನೆಯ ಮಂಚದ ಮೇಲೆ ಗಂಡ ಮಲಗಿದ್ದ. ಬೆಳಗಿನ ಜಾವ ನಿದ್ದೆಯಲ್ಲೇ ಉಸಿರು ನಿಂತಿತ್ತು. ಇನ್ನು ಅವನಿಗೆ ಯಾವ ಭುಜ ನೋಯಬೇಕು? ಆದರೂ ಹೇಳಿದ ಮಾತು ನಿಜ. ಲ್ಯಾಬಿನ ಗಾಜಿನ ಪೆಟ್ಟಿಗೆಯೊಳಗೆ ಕೈ ಚಾಚಿ ಚಾಚಿ ಅವನ ಬಲಭುಜ ಹಿಡಿದುಕೊಂಡಿತ್ತು. ದಿನವೂ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ಇವಳು. ಮರೆತದ್ದೂ ಇವಳೇ. ಅದೂ ಇವತ್ತು, ಅದೂ ಈಕೆಯ ಎದುರಿಗೆ.

ಈಕೆ ಎಂದರೆ ಲ್ಯಾಬಿನಾಕೆ. ಗಂಡನ ಪಕ್ಕದ ಸ್ಟೂಲಿನಲ್ಲಿ ಕೂತು ಆಯುಷ್ಯ ಸವೆಸಿದವಳು. ಜನ ತಲೆತಲಾಂತರದಿಂದ ಮದ್ದೆಂದು ನಂಬಿದ ಸೊಪ್ಪು, ಬೇರು, ತೊಗಟೆಗಳನ್ನು ಅರೆದು ರಸ ತೆಗೆದು, ಅದು ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡುವುದು ಅವರಿಬ್ಬರ ಕೆಲಸ. ಹೆಂಡತಿ ಇಷ್ಟು ವರ್ಷದಲ್ಲಿ ಮನಸ್ಸಿನೊಳಗೂ ಆಕೆಯ ಹೆಸರೆತ್ತಿದವಳಲ್ಲ. ಈಗ ಆಕೆ ಅಕ್ಕ ಎನ್ನುತ್ತಿದ್ದಾಳೆ. ತಲೆಗೂದಲು ನೋಡಿದರೆ ಯಾರು ಯಾರಿಗೆ ಅಕ್ಕ ಎಂದು ದಾರಿಹೋಕನೂ ಹೇಳಬಲ್ಲ.

“ನನಗೆ ಗೊತ್ತಿದೆ,” ಎಂದು ಹೆಂಡತಿ ತೋಳನ್ನು ಬಿಚ್ಚಿ ಬಲಗೈಯಿಂದ ಶುರು ಮಾಡಿದಳು. ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದ ಹಾಗಾಯಿತು.

ಬಾಗಿಲ ಬಳಿ ಕುರ್ಚಿಗಳಲ್ಲಿ ಬಂದವರು ಕೂತಿದ್ದರು. ಲ್ಯಾಬಿನ ಡ್ರೈವರ್ ಮೈದುನನ ಕಡೆ ಬಾಗಿ ಮಾತಾಡುತ್ತಿದ್ದ. ಪಿಸುಮಾತು ಎಂದು ಅವನ ಭಾವನೆ, ಅಡುಗೆಮನೆಗೂ ಕೇಳುತ್ತಿತ್ತು.

“ನಮ್ಮಲ್ಲಿ ಅವರಿಗೆ ಸೊನ್ನೆ ಸಾಹೇಬ್ರು ಅಂತಲೇ ಹೆಸರು. ಯಾರು ಯಾವ ಬೇರು ತಂದರೂ ತಿಂಗಳುಗಟ್ಟಲೆ ನೋಡೋರು, ಕೊನೇಗೆ ಸೊನ್ನೆ ಅಂತ ಹೇಳಿ ಕಳಿಸೋರು. ದೊಡ್ಡ ಅಧಿಕಾರಿಯ ಮಾವ ಒಂದು ಮೂಟೆ ತೊಗಟೆ ತಂದಿದ್ರು. ಅದಕ್ಕೂ ಸೊನ್ನೆ.”

“ಒಂದೂ ಸಿಗಲಿಲ್ವಾ ಅಣ್ಣನಿಗೆ?” ಮೈದುನ ಕೇಳಿದ.

“ಸಿಕ್ಕಿದ್ರೆ ಈ ರಸ್ತೇಲಿ ಇವತ್ತು ಗಾಡಿ ನಿಲ್ಲಿಸೋಕೆ ಜಾಗ ಇರ್ತಿತ್ತಾ ಸರ್?”

ಸೊನ್ನೆ ಸಾಹೇಬ್ರು. ಹೆಂಡತಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಲ್ಯಾಬಿನಾಕೆ ತಲೆ ತಗ್ಗಿಸಿ ತುಟಿಯಂಚಿನಲ್ಲಿ ನಕ್ಕಳು. ಆಕೆಗೆ ಗೊತ್ತಿಲ್ಲದೆ ಇರುತ್ತದೆಯೇ? ಯಾರಿಗೆ ಗೊತ್ತು, ಇಟ್ಟವಳೇ ಆಕೆ ಇರಬಹುದು.

ಕಂಡಕಂಡವರ ಬೇರು, ಅಧಿಕಾರಿಯ ಮಾವನ ತೊಗಟೆ, ಕೊನೆಗೆ ಈ ಲ್ಯಾಬಿನಾಕೆಯ ಅತ್ತೆ ಕೊಟ್ಟ ಗೆಡ್ಡೆ, ಎಲ್ಲವೂ ಗಂಡನ ಕೈಯಲ್ಲಿ ಪರೀಕ್ಷೆಯಾಗಿದ್ದವು. ಪರೀಕ್ಷೆಯಾಗದೆ ಉಳಿದದ್ದು ಈ ಮನೆಯ ಕಾಂಪೌಂಡ್ ಗೋಡೆಗೆ ಹಬ್ಬಿದ ಬಳ್ಳಿ ಒಂದೇ. ಅದನ್ನು ಹೆಂಡತಿ ತಾಯಿಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟಿದ್ದಳು. ಯಾಕೆ ನೋಡಲಿಲ್ಲ? ಅವಳ ಅಮ್ಮನ ಸೊಪ್ಪು, ಅವಳು ಕಾಯಿಸಿದ ಕಷಾಯ, ಅವಳು, ಯಾವುದೂ ಅವನಿಗೆ ಲೆಕ್ಕಕ್ಕಿರಲಿಲ್ಲವೇ? ಹೇಳಬೇಕಾದವನು ಶರ್ಟು ಹಾಕಿಸಿಕೊಂಡು ಸುಮ್ಮನೆ ಮಲಗಿದ್ದ. ಗೊತ್ತಿರಬಹುದಾದವಳು ಮಂಚದ ಆಚೆ ನಿಂತಿದ್ದಳು. ಆಕೆಯನ್ನು ಕೇಳುವುದೆಂದರೆ ಸೋತೆನೆಂದು ಒಪ್ಪಿಕೊಂಡ ಹಾಗೆ.

*

ಮದುವೆಯಾದ ಹೊಸದರಲ್ಲಿ ಅವನಿಗೆ ಜ್ವರ ಬಂದಿತ್ತು. ಅವಳು ಬಳ್ಳಿಯ ಎಲೆ ಕುದಿಸಿ ಲೋಟದಲ್ಲಿ ತಂದಳು. ಅಮ್ಮನ ಊರಲ್ಲಿ ಗಟ್ಟಿ ಗಂಡಸರೂ ಮೂಗು ಹಿಡಿದು ಕುಡಿಯುತ್ತಿದ್ದ ಕಷಾಯ ಅದು. ಇವನು ನೀರು ಕುಡಿದ ಹಾಗೆ ಕುಡಿದು, ಲೋಟ ಕೊಟ್ಟು, “ಜೀವ ಬಂತು,” ಎಂದ. ಮುಖ ಒಂದಿಷ್ಟೂ ಹಿಂಡಲಿಲ್ಲ.

“ಹಾಗಿದ್ರೆ ನಿಮ್ಮ ಲ್ಯಾಬಲ್ಲಿ ನೋಡಿ ಇದನ್ನ,” ಎಂದಳು.

“ನೋಡೋಣ,” ಎಂದ.

ಆ ‘ನೋಡೋಣ’ ಮುಗಿಯಲೇ ಇಲ್ಲ. ಭಾನುವಾರವೂ ಅವನು ಮನೆಯಲ್ಲಿರುತ್ತಿರಲಿಲ್ಲ. ಲ್ಯಾಬಿನ ತಟ್ಟೆಗಳಲ್ಲಿ ಬೆಳೆಸುವ ಜೀವಕೋಶಗಳಿಗೆ ರಜಾ ಇಲ್ಲವಂತೆ, ಹೊತ್ತಿಗೆ ಸರಿಯಾಗಿ ಊಟ ಹಾಕದಿದ್ದರೆ ಸಾಯುತ್ತವಂತೆ. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಕೂತು ಊಟ ಮಾಡುವವಳಿಗೆ ಆ ಮಾತು ಹೇಗೆ ಕೇಳಿಸುತ್ತದೆ ಎಂದು ಅವನಿಗೆ ಹೊಳೆದಂತಿರಲಿಲ್ಲ. ಲ್ಯಾಬಿನಾಕೆಯೂ ಭಾನುವಾರ ಬರುತ್ತಾಳೆ ಎಂದು ತಿಳಿದ ಮೇಲೆ ಅವನು ಕೋಶಗಳಿಗೆ ಊಟ ಹಾಕುವ ವಿಷಯ ಎತ್ತಿದರೇ ಅವಳು ಎದ್ದುಹೋಗುತ್ತಿದ್ದಳು.

ಒಂದು ಸಂಜೆ ಅವನು ದೊಡ್ಡ ಸಿಹಿ ಪೊಟ್ಟಣ ಹಿಡಿದು ಬಂದ. ಹಬ್ಬವಿಲ್ಲ, ಬಡ್ತಿಯಿಲ್ಲ. ಮುಖ ಮಾತ್ರ ಬಾಡಿತ್ತು.

“ಏನಿದು?”

ಅವನು ಸ್ವಲ್ಪ ತಡೆದು, “ಲ್ಯಾಬಲ್ಲಿ ಅವರ ಹುಟ್ಟುಹಬ್ಬ,” ಎಂದ.

ಹೆಂಡತಿಯ ಹುಟ್ಟುಹಬ್ಬ ನೆನಪಿಡದ ಗಂಡ ಲ್ಯಾಬಿನಾಕೆಯದಕ್ಕೆ ಸಿಹಿ ತಂದಿದ್ದ! ಅವಳು ಪೊಟ್ಟಣದ ದಾರವನ್ನೂ ಬಿಚ್ಚದೆ ಎದುರುಮನೆಯ ಟೈಲರಿಗೆ ಕೊಟ್ಟು ಬಂದಳು. ಆ ಸಿಹಿ ಬಾಯಿಗಿಡದೆಯೂ ಅದರ ಉರಿ ಅವಳ ಹೊಟ್ಟೆಯಲ್ಲಿ ಉಳಿಯಿತು. ಆಮೇಲೊಂದು ದಿನ ಲ್ಯಾಬಿನಾಕೆಯ ಅತ್ತೆಯ ಗೆಡ್ಡೆಯೂ ಪರೀಕ್ಷೆಗೆ ಬಂತೆಂದು ಅವನ ಬಾಯಲ್ಲೇ ಕೇಳಿ ಜಗಳ ತೆಗೆದಳು.

“ಅವರ ಅತ್ತೇದು ನೋಡ್ತೀರಿ. ನಿಮ್ಮ ಅತ್ತೇದು ಬೇಡ್ವಾ?”

“ನಿನ್ನದನ್ನ ಯಾಕೆ ಟೆಸ್ಟ್ ಮಾಡ್ಬೇಕು? ನಾನೇ ಕುಡೀತೀನಲ್ಲ,” ಎಂದು ಅವನು ಪೇಪರಿನೊಳಗೆ ಮುಖ ಹುದುಗಿಸಿದ.

*

ಮಧ್ಯಾಹ್ನದ ಹೊತ್ತಿಗೆ ಸ್ಮಶಾನದಲ್ಲಿ ಎಲ್ಲ ಮುಗಿಸಿ ಮನೆಗೆ ಬಂದರು. ಶವದ ಗಾಡಿಯಲ್ಲಿ ತಲೆಯ ಕಡೆ ಕೂರಲು ಲ್ಯಾಬಿನಾಕೆ ಹತ್ತಿದ್ದಳು. ಹೆಂಡತಿ ಮೊಣಕೈಯಿಂದಲೇ ಆಕೆಯನ್ನು ಕಾಲಿನ ಕಡೆಗೆ ಸರಿಸಿದ್ದಳು. ಆಕೆ ಸರಿದು ಕೂತಿದ್ದಳು.

ಮೈದುನ ಬೆಳಗಿನಿಂದ ಕೆಮ್ಮುತ್ತಲೇ ಇದ್ದ. “ಅತ್ತಿಗೆ, ಅಣ್ಣನ ಕಷಾಯ ಸ್ವಲ್ಪ ಕಾಯಿಸಿ ಕೊಡ್ತೀರಾ? ಗಂಟಲು ಕಟ್ಟಿಹೋಗಿದೆ.”

ಎದುರುಮನೆಯ ಟೈಲರ್ ತಾನು ಮಾಡುವೆನೆಂದು ಎದ್ದ. ಅವಳು ಬೇಡವೆಂದಳು. ಗೋಡೆಯ ಹತ್ತಿರ ಹೋಗಿ ಬೊಗಸೆ ತುಂಬ ಎಲೆ ಕಿತ್ತು ತಿರುಗಿದರೆ ಹಿಂದೆಯೇ ಲ್ಯಾಬಿನಾಕೆ.

“ನಾನು ತೊಳೆದುಕೊಡ್ತೀನಿ ಅಕ್ಕ. ಆಮೇಲೆ ಹೊರಡ್ತೀನಿ. ಇವತ್ತು ಭಾನುವಾರ, ಕೋಶಗಳಿಗೆ...”

“ಊಟ ಹಾಕ್ಬೇಕು. ಗೊತ್ತು.”

ಅಡುಗೆಮನೆಯಲ್ಲಿ ಇಬ್ಬರೇ. ಆಕೆ ಎಲೆಗಳನ್ನು ಒಂದೊಂದಾಗಿ ನಲ್ಲಿಯ ಕೆಳಗೆ ಹಿಡಿದು, ತೊಟ್ಟು ಮುರಿದು, ಹಿಂಬದಿಯನ್ನೂ ತೊಳೆದಳು. ಪರಿಚಯವಿಲ್ಲದ ಎಲೆಯನ್ನು ಯಾರೂ ಹಾಗೆ ತೊಳೆಯುವುದಿಲ್ಲ. ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಸೋತರೆ ಸೋತೆ ಎಂದುಕೊಂಡಳು.

“ಇದನ್ನ ಅವರು ಯಾಕೆ ನೋಡಲಿಲ್ಲ?”

ಲ್ಯಾಬಿನಾಕೆ ಇನ್ನೊಂದು ಎಲೆಯ ತೊಟ್ಟು ಮುರಿದಳು. “ನಿಮಗೆ ಹೇಳಬಾರದು ಅಂತ ಮಾತು ತಗೊಂಡಿದ್ರು.”

“ತಗೊಂಡವರು ಹೋದ್ರು. ಹೇಳಿ.”

“ಎಲ್ಲಕ್ಕಿಂತ ಮೊದಲು ನೋಡಿದ್ದೇ ಇದನ್ನ ಅಕ್ಕ. ಬ್ಯಾಗಲ್ಲಿ ಎಲೆ ಮುಚ್ಚಿಟ್ಟುಕೊಂಡು ಬರೋರು. ತಟ್ಟೇಲಿ ಕೋಶ ಬೆಳೆಸಿ, ವೈರಸ್ ಹಾಕಿ, ಈ ರಸ ಹಾಕಿದ್ರು. ಆಮೇಲೆ ಎಣಿಸಿದ್ರೆ ವೈರಸ್ ಒಂದೂ ಇಲ್ಲ. ಪಕ್ಕದಲ್ಲಿ ಇನ್ನೊಂದು ತಟ್ಟೆ ಇರುತ್ತೆ, ಬರೀ ರಸ ಹಾಕಿದ್ದು. ಅದರಲ್ಲಿ ಕೋಶ ಚೆನ್ನಾಗಿದೆಯಾ ಅಂತ ಮೊದಲು ನೋಡ್ಬೇಕು. ಬೇರೆಯವರ ಗಿಡ ಆಗಿದ್ರೆ ಅವರು ಅದನ್ನ ನೋಡದೆ ಉಸಿರೂ ಬಿಡ್ತಿರಲಿಲ್ಲ. ಅವತ್ತು ನೋಡಲೇ ಇಲ್ಲ. ಓಡಿಹೋಗಿ ಸಿಹಿ ತಂದ್ರು, ಮನೆಗೆ ಹೋಗಿ ಹೇಳ್ತೀನಿ ಅಂತ.”

ಹೆಂಡತಿ ತೊಳೆದಷ್ಟು ಎಲೆಗಳನ್ನು ಪಾತ್ರೆಯ ನೀರಿಗೆ ಹಾಕಿ ಒಲೆ ಹಚ್ಚಿದಳು.

“ಆ ಇನ್ನೊಂದು ತಟ್ಟೆ ನಾನು ನೋಡಿ, ಅವರು ಮನೆಗೆ ಹೊರಡೋ ಮೊದಲೇ ತೋರಿಸಿದೆ. ಕೋಶಗಳೆಲ್ಲ ಸತ್ತಿದ್ವು. ರಸ ಅಷ್ಟು ಗಟ್ಟಿ. ವೈರಸ್ ಬೆಳೆಯೋಕೆ ಬದುಕಿರೋ ಕೋಶ ಬೇಕಲ್ಲ, ಮನೆಯೇ ಸುಟ್ಟುಹೋದ ಮೇಲೆ ಕಳ್ಳನಿಗೇನು ಕೆಲಸ? ರಸ ತೆಳು ಮಾಡಿದ್ರೆ ಕೋಶಾನೂ ಬದುಕಿದ್ವು, ವೈರಸ್ಸೂ ಬದುಕ್ತು. ಸೊನ್ನೆ.”

“ಆ ಸಿಹಿ ನಿಮ್ಮ ಹುಟ್ಟುಹಬ್ಬದ್ದಲ್ವಾ?”

“ನನ್ನ ಹುಟ್ಟುಹಬ್ಬ ಯಾವಾಗ ಅಂತ ಅವರಿಗೆ ಕೊನೇವರೆಗೂ ಗೊತ್ತಿರಲಿಲ್ಲ.”

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ಉರಿ ತಣ್ಣಗಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಆದರೆ ಮರುಗಳಿಗೆಯೇ ಅದಕ್ಕಿಂತ ದೊಡ್ಡದು ಹತ್ತಿಕೊಂಡಿತು. ಈ ಕಷಾಯದಲ್ಲಿ ಏನೂ ಇಲ್ಲವೆಂದು ಗಂಡನಿಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು, ಪ್ರತಿ ಜ್ವರಕ್ಕೂ ಒಲೆಯ ಮುಂದೆ ನಿಂತು ಹೊಗೆ ಕುಡಿದ ಇವಳು ಒಬ್ಬಳೇ. ನಿಜವೆಲ್ಲ ಆಕೆಯ ಪಾಲಿಗೆ, ‘ಜೀವ ಬಂತು’ ಎಂಬ ಸುಳ್ಳು ಇವಳ ಪಾಲಿಗೆ.

“ಇಬ್ಬರೂ ಸೇರಿ ನಗ್ತಿದ್ರಾ?”

“ನಾನು ಒಂದ್ಸಲ ನಕ್ಕೆ. ಜ್ವರದಲ್ಲಿ ಬಂದು, ಮನೇಲಿ ಕಷಾಯ ಕುಡಿದೆ, ಸರಿಹೋಗುತ್ತೆ ಅಂದ್ರು. ಸೊನ್ನೆ ಕಷಾಯನಾ ಅಂದೆ. ವಾರಗಟ್ಟಲೆ ನನ್ನ ಮಾತಾಡಿಸಲಿಲ್ಲ.” ಆಕೆ ನಲ್ಲಿ ನಿಲ್ಲಿಸಿದಳು. “ನಮ್ಮತ್ತೆ ಗೆಡ್ಡೆ ನೆನಪಿದೆಯಾ? ಅದೂ ಸೊನ್ನೆ ಬಂತು. ಎಲ್ಲರೆದುರಿಗೆ, ಬಿಸಾಕಿ ಅಂದ್ರು, ಅಷ್ಟೇ. ನಿಮ್ಮ ಎಲೇನ ಬಿಸಿನೀರಲ್ಲಿ ನೆನೆಸಿ, ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ವರ್ಷಾನುಗಟ್ಟಲೆ ನೋಡಿದ್ರು. ಪ್ರತಿಸಲ ಸೊನ್ನೆ ಬಂದಾಗಲೂ ತಾವೇ ಏನೋ ತಪ್ಪು ಮಾಡಿರಬೇಕು ಅನ್ನೋರು. ನನ್ನ ಮನಸ್ಸು ನೋಯಬಾರದು ಅಂತ ಒಂದು ದಿನಾನೂ, ಒಂದೇ ಒಂದು ಸುಳ್ಳು ಹೇಳಲಿಲ್ಲ ಅವರು. ನನಗೂ ಹೊಟ್ಟೆ ಇದೆ ಅಕ್ಕ. ಅದೂ ಉರಿಯುತ್ತೆ.”

ಪಾತ್ರೆ ಉಕ್ಕಿತು. ಹೆಂಡತಿ ಉರಿ ತಗ್ಗಿಸಿ, ಸೋಸಿ, ಒಂದು ಲೋಟ ಮೈದುನನಿಗೆ ಕೊಟ್ಟು ಬಂದಳು. ಉಳಿದದ್ದನ್ನು ಇನ್ನೆರಡು ಲೋಟಕ್ಕೆ ಸರಿಸಮ ಹೊಯ್ದು ಒಂದನ್ನು ಆಕೆಯ ಮುಂದೆ ಸರಿಸಿದಳು.

ಲ್ಯಾಬಿನಾಕೆ ಒಂದು ಗುಟುಕು ನುಂಗಿ, “ಜೀವ ಬಂದ ಹಾಗಾಯ್ತು,” ಎಂದಳು.

“ನೀವು ಹೇಳಬೇಡಿ ಆ ಮಾತು.” ಹೆಂಡತಿಯ ದನಿ ಗಡುಸಾಗಿತ್ತು. “ಅದು ಅವರದು.”

ಆಕೆ ಲೋಟದೊಳಗೆ ನೋಡಿದಳು. “ಸರಿ. ವಿಷದಂಥ ಕಹಿ. ಇದರಿಂದ ಏನೂ ಆಗಲ್ಲ.”

“ಹ್ಞೂಂ.”

ಹೆಂಡತಿ ತನ್ನ ಲೋಟ ಎತ್ತಿದಳು. ಇಷ್ಟು ವರ್ಷ ಕಾಯಿಸಿದವಳು ಮದುವೆಯಾದ ಮೇಲೆ ಅದನ್ನು ಬಾಯಿಗಿಟ್ಟಿರಲಿಲ್ಲ. ಮೊದಲ ಗುಟುಕಿಗೇ ನಾಲಿಗೆಯ ಬುಡ ಸೆಟೆದುಕೊಂಡಿತು. ಇದನ್ನು ಅವನು ಹೇಗೆ ನೀರಿನ ಹಾಗೆ ಕುಡಿಯುತ್ತಿದ್ದ? ಲ್ಯಾಬಿನಾಕೆ ಎರಡನೆಯ ಗುಟುಕು ಕುಡಿದಳು. ಹೆಂಡತಿಯೂ ಕುಡಿದಳು. ಒಲೆಯ ಆಚೆಗೊಬ್ಬಳು ಈಚೆಗೊಬ್ಬಳು, ಕಣ್ಣಿಗೆ ಕಣ್ಣು ಕೊಟ್ಟು ನಿಂತು, ಲೋಟ ಕೆಳಗಿಡದೆ ತಳದವರೆಗೂ ಕುಡಿದರು. ಇಬ್ಬರಲ್ಲಿ ಯಾರೂ ಮುಖ ಹಿಂಡಲಿಲ್ಲ.