ಒಂಬತ್ತರಿಂದ ಒಂದರವರೆಗಿನ ಕೈ

ಆಸ್ಪತ್ರೆಯವರು ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲಿ ಮುಳ್ಳಿಲ್ಲ, ಅಂಕಿಯಿಲ್ಲ, ಕೀ ಕೊಡಲು ತಿರುಪೂ ಇಲ್ಲ. ನಲವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದವರ ಕೈಗೆ ಸಮಯವನ್ನೇ ತೋರಿಸದ ವಸ್ತು ಕಟ್ಟಿ, ಏಳು ದಿನ ಬಿಚ್ಚಬೇಡಿ ಎನ್ನಲು ವೈದ್ಯವಿಜ್ಞಾನವೇ ಬೇಕು. ಪಾರ್ಕಿನ್ಸನ್ ಕಾಯಿಲೆ ಅವರ ಬಲಗೈಯಲ್ಲಿ ಬಿಡಾರ ಹೂಡಿ ಮೂರು ವರ್ಷವಾಗಿತ್ತು. ಕೈ ಯಾವಾಗ ಎಷ್ಟು ನಡುಗುತ್ತದೆ ಎಂಬುದನ್ನು ಪಟ್ಟಿ ಬರೆದಿಟ್ಟುಕೊಳ್ಳುತ್ತದಂತೆ.

"ಕೂತಲ್ಲೇ ಚಾಡಿ ಹೇಳೋದು. ನಿನ್ನ ದೊಡ್ಡಮ್ಮನ ಥರ," ಎಂದರು ಮಗಳಿಗೆ.

"ದೊಡ್ಡಮ್ಮನ ಮಾತು ಸುಳ್ಳಾಗ್ತಿತ್ತಾ ಹೇಳಪ್ಪ."

ಮಗಳು ಶಾಲೆಯಲ್ಲಿ ಲೆಕ್ಕದ ಟೀಚರ್. ಕಾಗದದ ಮೇಲೆ ಬಂದದ್ದು ಮಾತ್ರ ನಿಜ ಎಂದು ನಂಬಿದವಳು. ಕೈ ಕೆಲಸಕ್ಕೆ ಆಗುತ್ತದೆಂದು ರಿಪೋರ್ಟ್ ಬಂದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದು ಎಂದು ತೀರ್ಪು ಕೊಟ್ಟಿದ್ದಳು. ರಜೆಯಿದ್ದದ್ದರಿಂದ ವಾರವಿಡೀ ಅಂಗಡಿಯಲ್ಲಿ ಅವರೆದುರೇ ಉತ್ತರಪತ್ರಿಕೆ ತಿದ್ದುತ್ತ ಕೂತಳು. ಕಾವಲು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದಾಗ ನಡುಗಬೇಡ ಎಂದರೂ ಆ ಕೈ ಕೇಳುತ್ತಿರಲಿಲ್ಲ. ಆದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಮಣಿಕಟ್ಟನ್ನು ಮೇಜಿನಂಚಿಗೆ ಊರಿ ಚಿಮಟ ಹಿಡಿದರೆ ಪರೀಕ್ಷೆಗೆ ಕೂತ ಜಾಣ ಹುಡುಗಿಯಂತೆ ತೆಪ್ಪಗಾಗುತ್ತಿತ್ತು. ಒಂಬತ್ತರಿಂದ ಒಂದರವರೆಗೆ, ಏಳೂ ದಿನ.

ಎಂಟನೆಯ ದಿನ ಡಾಕ್ಟರು ರೋಗಿಯನ್ನು ನೋಡಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ರೋಗಿ ಇನ್ನೂ ಸ್ಪಷ್ಟವಾಗಿದ್ದ.

"ಯಜಮಾನ್ರೇ, ದಿನಾ ಒಂಬತ್ತರಿಂದ ಒಂದರವರೆಗೆ, ನಾಲ್ಕು ಗಂಟೆ ಕಾಲ, ಪಟ್ಟಿ ಬಿಚ್ಚಿಟ್ಟಿದ್ದೀರಿ."

"ಸ್ನಾನಕ್ಕೂ ಬಿಚ್ಚಿಲ್ಲ."

"'ಧರಿಸಿಲ್ಲ' ಅಂತ ಬಂದಿದೆ. ನಡುಕ ಇಲ್ಲ, ಓಡಾಟ ಇಲ್ಲ. ಮೇಜಿನ ಮೇಲೆ ಇಟ್ಟ ಹಾಗಿದೆ."

"ಮೇಜಿನ ಮೇಲೇ ಇತ್ತು. ಕೈ ಸಮೇತ."

"ಈ ಕಾಯಿಲೆಯವರ ಕೈ ಅಷ್ಟು ಹೊತ್ತು ಸುಮ್ಮನಿರಲ್ಲ. ಯಂತ್ರ ಯಾಕೆ ಸುಳ್ಳು ಹೇಳುತ್ತೆ?"

"ನನ್ನ ಗಡಿಯಾರ ಸರಿಯಾಗಿದೆ, ಊರೇ ತಡ ಅನ್ನೋ ಗಿರಾಕಿಗಳನ್ನ ಬೇಕಾದಷ್ಟು ನೋಡಿದ್ದೀನಿ ಡಾಕ್ಟ್ರೇ."

ಡಾಕ್ಟರು ನಗಲಿಲ್ಲ, ನಗುವುದಕ್ಕೆ ಕೀಬೋರ್ಡಿನಲ್ಲಿ ಗುಂಡಿ ಇರಲಿಲ್ಲವೇನೋ. "ಕೆಲಸದ ಬಗ್ಗೆ ಏನೂ ಬರೆದುಕೊಡಕ್ಕಾಗಲ್ಲ. ಇನ್ನೊಂದು ವಾರ ಕಟ್ಕೊಳಿ. ಹತ್ತು ನಿಮಿಷಕ್ಕೊಂದ್ಸಲ ಕೈ ಅಲ್ಲಾಡಿಸ್ತಾ ಇರಿ, ನೀವಿದ್ದೀರಿ ಅಂತ ಯಂತ್ರಕ್ಕೆ ಗೊತ್ತಾಗ್ಲಿ."

ನಡುಕ ನಿಲ್ಲಲೆಂದು ಮೂರು ವರ್ಷ ಮಾತ್ರೆ ನುಂಗಿಸಿದವರು ಈಗ ನಡುಗಲು ಚೀಟಿ ಬರೆಯುತ್ತಿದ್ದರು. ಅಪ್ಪ ಮಗಳ ಕಡೆ ನೋಡಿದರು. ಅವಳು ಪರದೆಯನ್ನು ನೋಡುತ್ತಿದ್ದಳು: ಏಳು ದಿನ, ಏಳು ಖಾಲಿ ಜಾಗ. ಅಂಗಡಿ ಹೋಯಿತು ಎಂದುಕೊಂಡರು.

"ಬಿಚ್ಚಿಲ್ಲ ಸರ್," ಎಂದಳು ಅವಳು. "ನಾನು ಎದುರಿಗೇ ಕೂತಿದ್ದೆ."

"ಇರಬಹುದಮ್ಮ. ನೀವು ನೋಡಿದ್ದನ್ನ ಹಾಕಕ್ಕೆ ಇಲ್ಲಿ ಕಾಲಂ ಇಲ್ಲ."

ಕಾಲಂ ಇಲ್ಲದ ಸತ್ಯ ಲೆಕ್ಕದ ಟೀಚರಿಗೆ ಮೊದಲ ಸಲ ಎದುರಾಗಿತ್ತು. ಅವಳು ಎದ್ದಳು. "ಇನ್ನೊಂದು ವಾರ ಆಗಲ್ಲ ಸರ್. ಕೈ ಅಲ್ಲಾಡಿಸಿದ್ರೆ ಗಿರಾಕಿಗಳ ಗಡಿಯಾರದ ಗತಿ ಏನು?"

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಮೆಲ್ಲಗೆ ಕೇಳಿದರು, "ಹಾಗಾದ್ರೆ ಅಂಗಡಿ?"

"ನಾಳೆ ತೆಗಿ. ಒಂದು ಗಂಟೆಗೆ ಮುಚ್ಚಬೇಕು. ಕೈ ಸುಮ್ಮನಿರೋದನ್ನ ನಾನು ನೋಡಿರೋದು ಅಲ್ಲೀತನಕ."

"ಒಂದೂವರೆ."

"ಅಪ್ಪ."

ಹೊರಬಾಗಿಲ ಹೊಸ್ತಿಲಲ್ಲಿ ಅವರ ಕಾಲುಗಳು ನೆಲಕ್ಕೆ ಅಂಟಿಕೊಂಡವು. ಈಚೆಗೆ ಬಾಗಿಲು ಕಂಡರೆ ಹಾಗಾಗುತ್ತಿತ್ತು, ಅದೂ ಕಾಯಿಲೆಯದೇ ಕೆಲಸ. ಹಿಂದಿನಿಂದ ಯಾರೋ ಗೊಣಗಿದರು. ಮಗಳು ಕೈ ಹಿಡಿದು ಎಳೆಯಲಿಲ್ಲ, ಪಕ್ಕಕ್ಕೆ ನಿಂತು ಕಾದಳು.

"ಒಂದೂಕಾಲು," ಎಂದರು ಅವರು, ನಿಂತಲ್ಲಿಂದಲೇ.